ಚಿಗರಿ ಅಡ್ಡ ಬಂದ ಮೇಲೆ: ಕಾರಿನ ಒಳಪೆಟ್ಟನ್ನು ಪರೀಕ್ಷಿಸುವ ಕ್ರಮ

ಹುಮನಾಬಾದಿನಿಂದ ಕಲಬುರಗಿಗೆ ಬರುವ ಹೆದ್ದಾರಿಯಲ್ಲಿ, ಕಮಲಾಪುರ ದಾಟಿದ ಮೇಲೆ, ಒಂದು ಜನವರಿಯ ಮುಸ್ಸಂಜೆ ನನ್ನ ಕಾರಿಗೆ ಚಿಗರಿಯೊಂದು ಅಡ್ಡ ಬಂದಿತು. ಕಟಾವಾದ ತೊಗರಿ ಹೊಲದಿಂದ ಮೂರು ಚಿಗರಿಗಳು ಜಿಗಿದು ರಸ್ತೆ ದಾಟುವುದನ್ನು ಕಂಡು ವೇಗ ತಗ್ಗಿಸಿದ್ದೆ. ಅವುಗಳ ಹಿಂದೆ ನಾಲ್ಕನೆಯದೊಂದು ಇದೆಯೆಂಬುದು ಬ್ರೇಕಿನ ಮೇಲಿಂದ ಕಾಲು ತೆಗೆದ ಮೇಲೆಯೇ ನನಗೆ ಗೊತ್ತಾಯಿತು. ಅದು ಬಿದ್ದು, ಎದ್ದು, ಕುಂಟುತ್ತಾ ಕತ್ತಲಿನ ಹೊಲಕ್ಕೆ ಓಡಿಹೋಯಿತು. ಕಾರಿನ ಮುಂಭಾಗದಲ್ಲಿ ಸೀಳಿದ ನಂಬರ್ ಪ್ಲೇಟ್ ಮತ್ತು ಜಾಲರಿಗೆ ಸಿಕ್ಕಿಕೊಂಡಿದ್ದ ಒಂದು ಹಿಡಿ ಕೂದಲನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮರುದಿನ ಗ್ಯಾರೇಜಿನ ಮಿಸ್ತ್ರಿ ಬಂಪರನ್ನು ಎರಡು ಸಲ ತಟ್ಟಿ ನೋಡಿ, "ಏನೂ ಆಗಿಲ್ರೀ ಸರ್, ಗಾಡಿ ಗಟ್ಟಿ ಅದ" ಎಂದರು. ನಾನೂ ನಂಬಿದೆ.

ಏಪ್ರಿಲಿನಲ್ಲಿ ಯಾದಗಿರಿಗೆ ಹೋಗುವಾಗ ಮೊದಲು ಎ.ಸಿ. ತಂಪು ಕೊಡುವುದನ್ನು ನಿಲ್ಲಿಸಿತು, ಅರ್ಧ ಗಂಟೆಯ ಬಳಿಕ ಎಂಜಿನ್ನಿನ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯತ್ತ ಏರಿತು. ಬಂಪರನ್ನು ಕಳಚಿದಾಗ ಅದರ ಹಿಂದಿನ ಉಕ್ಕಿನ ತೊಲೆ ನಡುವೆ ಬಾಗಿತ್ತು, ಎ.ಸಿ.ಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಹಿಂದಕ್ಕೆ ಸರಿದು ರೇಡಿಯೇಟರಿಗೆ ಒತ್ತಿಕೊಂಡಿತ್ತು, ಎರಡೂ ಉಜ್ಜಿ ಉಜ್ಜಿ ಸೂಜಿಮೊನೆಯಷ್ಟು ತೂತುಗಳಾಗಿದ್ದವು. ಚಳಿಗಾಲದಲ್ಲಿ ಆ ಕಾರು ತನ್ನ ನೋವನ್ನು ಹೇಳಿಕೊಳ್ಳಲೇ ಇಲ್ಲ. ನಮ್ಮ ಭಾಗದ ನಲವತ್ತು ಡಿಗ್ರಿ ದಾಟುವ ಬಿಸಿಲು ಅದರ ಬಾಯಿ ಬಿಡಿಸಿತು. ಅಷ್ಟರಲ್ಲಿ ಮೂರು ತಿಂಗಳು ಕಳೆದಿದ್ದರಿಂದ ವಿಮೆಯ ಹಣವೂ ಬರಲಿಲ್ಲ. ಹೀಗಾಗಿ ಅಂದು ನಾನು ಮಾಡದೆ ಬಿಟ್ಟ ಪರೀಕ್ಷೆಗಳನ್ನೆಲ್ಲ, ಆಮೇಲೆ ಒಳ್ಳೆಯ ಕೆಲಸಗಾರರ ಬಳಿ ನಿಂತು ಕಲಿತಂತೆ, ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹೊರಗಿನ ಬಂಪರ್ ಹೇಗಿದೆ ಎಂಬುದರಿಂದ ಒಳಗಿನ ಸ್ಥಿತಿಯನ್ನು ತೀರ್ಮಾನಿಸಲೇಬಾರದು. ಇಂದಿನ ಕಾರುಗಳಲ್ಲಿ ನಾವು ಬಂಪರ್ ಎಂದು ಕರೆಯುವುದು ಬಳುಕುವ ಪ್ಲಾಸ್ಟಿಕ್ಕಿನ ಹೊದಿಕೆಯಷ್ಟೇ. ಪೆಟ್ಟು ಬಿದ್ದಾಗ ಅದು ನಾಲ್ಕಾರು ಬೆರಳಿನಷ್ಟು ಒಳಗೆ ಹೋಗಿ, ಒಳಗಿರುವುದನ್ನು ಜಜ್ಜಿ, ಮರುಕ್ಷಣ ತನ್ನ ಹಳೆಯ ಆಕಾರಕ್ಕೆ ಮರಳಬಲ್ಲದು. ಅದರ ಹಿಂದಿರುವ ಉಕ್ಕಿನ ತೊಲೆಗೂ ಅಲ್ಯೂಮಿನಿಯಮ್ಮಿನ ಕಂಡೆನ್ಸರಿಗೂ ಹಾಗೆ ಮರಳುವ ಗುಣವಿಲ್ಲ.

ಯಾವ ಪ್ರಾಣಿ, ಎಲ್ಲಿ ಪೆಟ್ಟು

ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಗುದ್ದಿದ ಪ್ರಾಣಿಯ ಎತ್ತರವೇ ನಿರ್ಧರಿಸುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ಬಯಲಿನಲ್ಲಿ ಚಿಗರಿ ಎಂದರೆ ಬಹುತೇಕ ಕೃಷ್ಣಮೃಗ. ಬೆಳೆದ ಗಂಡಿನ ಹೆಗಲಿನ ಎತ್ತರ ಸುಮಾರು 75ರಿಂದ 85 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ 35ರಿಂದ 40 ಕಿಲೋ. ಕಾಲು ತೆಳ್ಳಗೆ, ಭಾರವೆಲ್ಲ ಮೇಲಿನ ಮುಂಡದಲ್ಲಿ. ಬಂಪರಿನ ಹಿಂದಿರುವ ಉಕ್ಕಿನ ತೊಲೆ ಅದಕ್ಕಿಂತ ಕೆಳಗಿರುತ್ತದೆ. ಮೇಲಾಗಿ ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಇನ್ನಷ್ಟು ತಗ್ಗುತ್ತದೆ. ಹೀಗಾಗಿ ಚಿಗರಿಯ ಭಾರದ ಬಹುಪಾಲು ತೊಲೆಯ ಮೇಲ್ಗಡೆ, ಅಂದರೆ ಜಾಲರಿ, ಹೆಡ್‌ಲೈಟ್, ಬಾನೆಟ್ಟಿನ ಅಂಚು ಮತ್ತು ಬಾನೆಟ್ ಲಾಕ್ ಕೂರುವ ಅಡ್ಡಪಟ್ಟಿಯ ಮೇಲೆ ಬೀಳುತ್ತದೆ. ತೊಲೆ ಚೆನ್ನಾಗಿಯೇ ಉಳಿದು ಕಂಡೆನ್ಸರಿನ ಮೇಲಿನ ಅರ್ಧ ಮಾತ್ರ ಜಜ್ಜಿಹೋಗಿರುವುದೂ ಉಂಟು.

ಕಾಡುಹಂದಿ ಇದಕ್ಕೆ ತದ್ವಿರುದ್ಧ. ಅದು ಗಿಡ್ಡ, ಗಟ್ಟಿ, ಭಾರ. ಹಲವು ಸಲ ಕಾರಿನ ಕೆಳಗೆ ನುಸುಳಿಬಿಡುತ್ತದೆ. ಆಗ ನೋಡಬೇಕಾದದ್ದು ರೇಡಿಯೇಟರಿನ ಕೆಳತುದಿ, ಎಂಜಿನ್ ಆಯಿಲ್ ತುಂಬಿರುವ ತಳದ ಬಟ್ಟಲು, ಗಾಲಿಗಳನ್ನು ಹಿಡಿದಿರುವ ಲೋಯರ್ ಆರ್ಮ್, ಬ್ರೇಕ್ ಪೈಪು, ಸೈಲೆನ್ಸರ್. ದನ ಅಥವಾ ಎಮ್ಮೆಯಾದರೆ ಕಾಲುಗಳು ಬಂಪರಿಗೆ ತಾಗಿ ಮೈಯೆಲ್ಲ ಬಾನೆಟ್ಟಿನ ಮೇಲೆ ಉರುಳಿ ಬರುತ್ತದೆ. ಮುಂದಿನ ಗಾಜು, ಗಾಜಿನ ಎರಡು ಬದಿಯ ಕಂಬಗಳು ಮತ್ತು ಚಾವಣಿಯ ಮುಂದಂಚನ್ನು ಬಿಡದೆ ನೋಡಬೇಕು.

ವೇಗವನ್ನೂ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿರಿ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 60 ಕಿಲೋಮೀಟರ್ ವೇಗದಲ್ಲಿ ಬಿದ್ದ ಪೆಟ್ಟಿಗಿಂತ 80ರಲ್ಲಿ ಬಿದ್ದದ್ದು ಸುಮಾರು ಮುಕ್ಕಾಲು ಪಟ್ಟು ಹೆಚ್ಚಿನದಾಗಿರುತ್ತದೆ. ಗ್ಯಾರೇಜಿನಲ್ಲಿ ಸಂಕೋಚಪಟ್ಟು ವೇಗವನ್ನು ಕಡಿಮೆ ಹೇಳಿದರೆ ಹುಡುಕುವವರ ಕಣ್ಣೂ ಅಷ್ಟಕ್ಕೇ ನಿಲ್ಲುತ್ತದೆ.

ರಸ್ತೆಯ ಮೇಲೆ, ಮೊದಲ ಹದಿನೈದು ನಿಮಿಷ

ಕಾರನ್ನು ರಸ್ತೆಯ ಎಡಕ್ಕೆ ಪೂರ್ತಿ ಇಳಿಸಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸಿ, ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡಬೇಕು. ಮಳೆಗಾಲದಲ್ಲಿ ಎರೆಮಣ್ಣಿನ ಅಂಚಿಗೆ ಗಾಲಿ ಇಳಿಸಿದರೆ ಹೂತುಹೋಗುತ್ತದೆ. ಗಟ್ಟಿ ನೆಲವನ್ನು ನೋಡಿ ನಿಲ್ಲಿಸಬೇಕು. ಚಿಗರಿಗಳು ಹಿಂಡಾಗಿ ಓಡಾಡುವುದರಿಂದ ಇನ್ನೊಂದು ಬರಬಹುದೆಂಬ ಎಚ್ಚರದಲ್ಲೇ ಇಳಿಯಬೇಕು.

ಪ್ರಾಣಿ ಬಿದ್ದಿದ್ದರೆ ಅದರ ಹತ್ತಿರ ಹೋಗಬಾರದು. ಭಯಗೊಂಡ ಗಂಡು ಚಿಗರಿಯ ಕೊಂಬಿನ ತಿವಿತ ಪ್ರಾಣಾಂತಿಕವಾದೀತು, ಮನುಷ್ಯರ ಗುಂಪು ಕಂಡರೆ ಗಾಯಗೊಂಡ ಪ್ರಾಣಿಯ ಗಾಬರಿ ಇನ್ನಷ್ಟು ಹೆಚ್ಚುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹತ್ತಿರದ ಹಳ್ಳಿಯ ಹೆಸರನ್ನೂ ಹೇಳಬೇಕು. ಅದು ಎದ್ದು ಓಡಿಹೋಗಿದ್ದರೂ ಕರೆ ಮಾಡಿರಿ, ಏಕೆಂದರೆ ಒಳಗೆ ಗಾಯವಾದ ಪ್ರಾಣಿ ನೂರು ಹೆಜ್ಜೆಯಾಚೆ ಹೊಲದಲ್ಲಿ ಬಿದ್ದಿರಬಹುದು. ನಾನು ಅಂದು ಕರೆ ಮಾಡಲಿಲ್ಲ, ಆ ಕೊರಗು ಕಾರಿನ ಖರ್ಚಿಗಿಂತ ಹೆಚ್ಚಾಗಿ ಉಳಿದಿದೆ. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಆಕಸ್ಮಿಕವಾಗಿ ಸತ್ತದ್ದೂ ಸರ್ಕಾರದ ಸ್ವತ್ತೆಂದು ಅದೇ ಕಾಯ್ದೆಯ 39ನೆಯ ಕಲಮು ಹೇಳುತ್ತದೆ. ಸತ್ತ ಪ್ರಾಣಿಯನ್ನು ಕಾರಿಗೆ ಹಾಕಿಕೊಳ್ಳುವುದು, ಕೊಂಬು ತೆಗೆದುಕೊಳ್ಳುವುದು, ಮಾಂಸಕ್ಕೆಂದು ಬೇರೆಯವರಿಗೆ ಒಪ್ಪಿಸುವುದು ಎಲ್ಲವೂ ಅಪರಾಧವಾಗುತ್ತದೆ.

ನಂತರ ಮೊಬೈಲ್ ತೆಗೆದು, ಏನನ್ನೂ ಒರೆಸುವ ಮೊದಲು, ಕಾರಿನ ಚಿತ್ರಗಳನ್ನು ತೆಗೆಯಿರಿ. ನಾಲ್ಕು ಮೂಲೆಗಳಿಂದ ಇಡೀ ಕಾರು, ಪೆಟ್ಟು ಬಿದ್ದ ಜಾಗ ಹತ್ತಿರದಿಂದ, ಸಿಕ್ಕಿಕೊಂಡ ಕೂದಲು, ರಕ್ತದ ಕಲೆ, ಕಾರು ಓಡಿದ ಕಿಲೋಮೀಟರ್ ತೋರಿಸುವ ಮಾಪಕ, ರಸ್ತೆಯ ಕಲ್ಲು. ಜಾಲರಿಯಲ್ಲಿ ಸಿಕ್ಕಿದ ಆ ಕೂದಲೇ, ಪೆಟ್ಟು ಗೋಡೆಗೆ ಗುದ್ದಿ ಆದದ್ದಲ್ಲ ಎಂಬುದಕ್ಕೆ ಮುಂದೆ ನಿಮ್ಮ ಸಾಕ್ಷಿಯಾಗುತ್ತದೆ.

ಓಡಿಸಬೇಕೆ, ಎತ್ತಿಸಬೇಕೆ

ಕತ್ತಲಾಗುತ್ತಿದೆ, ಮನೆ ಮೂವತ್ತು ಕಿಲೋಮೀಟರ್ ದೂರವಿದೆ, ಹೆಂಡತಿ ಮಕ್ಕಳು ಕಾರಿನಲ್ಲಿದ್ದಾರೆ. ಇಂಥ ಹೊತ್ತಿನಲ್ಲಿ "ನಿಧಾನಕ್ಕೆ ಹೋಗಿಬಿಡೋಣ" ಎಂಬ ಆಸೆ ಬರುವುದು ಸಹಜ. ಆ ಆಸೆಗೆ ಒಪ್ಪುವ ಮೊದಲು ಈ ಪರೀಕ್ಷೆಗಳು ಮುಗಿದಿರಬೇಕು.

ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು, ಬಗ್ಗಿ ಕಾರಿನ ತಳವನ್ನು ನೋಡಿರಿ. ಎ.ಸಿ. ಓಡಿದ್ದರೆ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ತೊಟ್ಟಿಕ್ಕುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಹಸಿರು, ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣದ, ತುಸು ಜಾರುವ ದ್ರವವಾದರೆ ಅದು ಎಂಜಿನ್ ತಂಪಾಗಿಸುವ ಕೂಲಂಟ್. ಕಪ್ಪು ಅಥವಾ ಕಂದು ಜಿಡ್ಡಾದರೆ ಎಂಜಿನ್ ಆಯಿಲ್. ಗಾಲಿಯ ಒಳಮೈಯಲ್ಲಿ ತೆಳು ಹಳದಿ ಬಣ್ಣದ ಜಾರುವ ದ್ರವ ಕಂಡರೆ ಅದು ಬ್ರೇಕ್ ಆಯಿಲ್. ಈ ಮೂರರಲ್ಲಿ ಯಾವುದು ಸೋರಿದರೂ ಕಾರನ್ನು ಅಲ್ಲಿಂದ ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಬರಿಗೈಯಲ್ಲಿ ಮುಟ್ಟದೆ ಬಿಳಿ ಕಾಗದಕ್ಕೆ ತಾಗಿಸಿ ನೋಡಿದರೆ ಬಣ್ಣ ಸ್ಪಷ್ಟವಾಗಿ ತಿಳಿಯುತ್ತದೆ.

ಕೂಲಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೆಟ್ಟಿನಿಂದ ಉಳಿದ ಕಾರುಗಳು ಆಮೇಲೆ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಉಷ್ಣವನ್ನು ಅಳೆಯುವ ಸಂವೇದಕ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾಗಿ ಹೇಳುತ್ತದೆ. ಕೂಲಂಟ್ ಪೂರ್ತಿ ಸೋರಿಹೋದರೆ ಅದು ಗಾಳಿಯಲ್ಲಿ ಉಳಿದು, ಎಂಜಿನ್ ಸುಡುತ್ತಿದ್ದರೂ ಮುಳ್ಳು ನಡುವಿನಲ್ಲೇ ನಿಲ್ಲಬಹುದು. ಆದ್ದರಿಂದ ಮುಳ್ಳು ಏರಿಲ್ಲವೆಂಬ ಒಂದೇ ಧೈರ್ಯದ ಮೇಲೆ ಓಡಿಸಿದವರ ಎಂಜಿನ್ನಿನ ಅಲ್ಯೂಮಿನಿಯಂ ತಲೆ ಸೊಟ್ಟಗಾಗಿ, ಅದರಡಿಯ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟು, ಕೆಲವು ಸಾವಿರದ ರೇಡಿಯೇಟರ್ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಗಿ ಬೆಳೆಯುತ್ತದೆ. ಬಾನೆಟ್ ತೆಗೆದು, ಪಾರದರ್ಶಕ ಡಬ್ಬಿಯಲ್ಲಿನ ಮಟ್ಟವನ್ನು ಹೊರಗಿನಿಂದಲೇ ನೋಡಿರಿ. ಬಿಸಿಯಿರುವಾಗ ಮುಚ್ಚಳವನ್ನು ಎಂದಿಗೂ ತಿರುಗಿಸಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸೋರುವ ರೇಡಿಯೇಟರಿಗೆ ದಾರಿಯುದ್ದಕ್ಕೂ ಬಾಟಲಿ ನೀರು ಹೊಯ್ಯುತ್ತಾ ಊರು ಸೇರುವ ಹಳೆಯ ರೂಢಿಯನ್ನು ಇಂದಿನ ಎಂಜಿನ್ನುಗಳು ತಾಳುವುದಿಲ್ಲ.

ಬಾನೆಟ್ ಮುಚ್ಚುವಾಗ ಅದು ಎಂದಿನ ಶಬ್ದದೊಂದಿಗೆ ಕೂರುತ್ತದೆಯೇ ಎಂದು ಗಮನಿಸಿ, ಎರಡೂ ಕೈಗಳಿಂದ ಮೇಲಕ್ಕೆತ್ತಿ ಎಳೆದು ನೋಡಿರಿ. ಲಾಕ್ ಕೂರುವ ಪಟ್ಟಿ ಬೆರಳಗಲ ಹಿಂದೆ ಸರಿದಿದ್ದರೂ ಕೊಕ್ಕೆ ಅರ್ಧ ಮಾತ್ರ ಹಿಡಿಯುತ್ತದೆ. ಓಟದ ಗಾಳಿಗೆ ಬಾನೆಟ್ ಎದ್ದು ಮುಂದಿನ ಗಾಜಿಗೆ ಬಡಿದರೆ ದಾರಿಯೇ ಕಾಣುವುದಿಲ್ಲ. ಅನುಮಾನವಿದ್ದರೆ ಹಗ್ಗ ಕಟ್ಟಿ ಹೊರಡುವ ಬದಲು ಕಾರನ್ನು ಎತ್ತಿಸುವುದೇ ಸರಿ.

ಇನ್ನು ಸ್ಟೇರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ, ಗಾಲಿ ಎಲ್ಲಾದರೂ ಪ್ಲಾಸ್ಟಿಕ್ಕಿಗೋ ತಗಡಿಗೋ ಉಜ್ಜುತ್ತದೆಯೇ ಎಂದು ಕೇಳಿರಿ. ಟೈರಿನ ಒಳಗೋಡೆಯನ್ನೂ ಟಾರ್ಚ್ ಹಿಡಿದು ನೋಡಿರಿ. ಬ್ರೇಕ್ ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿಯಬಾರದು. ಎರಡೂ ಹೆಡ್‌ಲೈಟ್ ಉರಿಯಬೇಕು. ಒಂದೇ ದೀಪದಲ್ಲಿ ರಾತ್ರಿ ಹೆದ್ದಾರಿಗೆ ಇಳಿದರೆ ಎದುರಿನವರು ನಿಮ್ಮನ್ನು ಬೈಕ್ ಎಂದು ತಿಳಿಯುತ್ತಾರೆ. ಚಾಲಕನ ಎದುರಿನ ಫಲಕದಲ್ಲಿ ಏರ್‌ಬ್ಯಾಗ್, ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಗಾಲಿ ಜಾರದಂತೆ ತಡೆಯುವ ವ್ಯವಸ್ಥೆ), ಎಂಜಿನ್, ಆಯಿಲ್ ದೀಪಗಳಲ್ಲಿ ಯಾವುದಾದರೂ ಉರಿದೇ ಇದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿರಿ. ಆಯಿಲ್ ದೀಪ ಉರಿದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು.

ವಿದ್ಯುತ್ ಕಾರಾದರೆ ಮಾತು ಬೇರೆ. ಅದರ ಬ್ಯಾಟರಿ ಸಾಮಾನ್ಯವಾಗಿ ಕಾರಿನ ತಳದಲ್ಲಿರುತ್ತದೆ, ಕಿತ್ತಳೆ ಬಣ್ಣದ ತಂತಿಗಳಲ್ಲಿ ಹೆಚ್ಚಿನ ಒತ್ತಡದ ವಿದ್ಯುತ್ ಹರಿಯುತ್ತದೆ. ಪ್ರಾಣಿ ಕಾರಿನಡಿಗೆ ಹೋಗಿದ್ದರೆ ಬ್ಯಾಟರಿಯ ಪೆಟ್ಟಿಗೆಗೆ ತಗ್ಗು ಬಿದ್ದಿದೆಯೇ ಎಂದು ಪರಿಣತರು ನೋಡುವವರೆಗೆ ಓಡಿಸಲೂ ಬಾರದು, ಚಾರ್ಜಿಗೆ ಹಾಕಲೂ ಬಾರದು.

ಎಲ್ಲವೂ ಸರಿಯೆನಿಸಿ ಹೊರಟರೂ ಎ.ಸಿ. ಹಚ್ಚದೆ, 40ರ ವೇಗದಲ್ಲಿ, ಐದು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ತಳವನ್ನೂ ಕೂಲಂಟ್ ಮಟ್ಟವನ್ನೂ ನೋಡುತ್ತಾ ಹೋಗಬೇಕು. ಎತ್ತಿಸಬೇಕಾದರೆ ವಿಮೆಯ ಜೊತೆ ಪಡೆದಿರುವ ರಸ್ತೆ ನೆರವಿನ ಸಂಖ್ಯೆಗೆ ಕರೆ ಮಾಡಿರಿ. ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ 1033 ಸಹಾಯವಾಣಿಯೂ ಇದೆ.

ಮರುದಿನ ಬೆಳಗ್ಗೆ, ತಣ್ಣಗಿರುವ ಕಾರಿನಲ್ಲಿ

ರಾತ್ರಿ ಕಾರಿನ ಮೂತಿಯ ಕೆಳಗೆ ಹಳೆಯ ಪತ್ರಿಕೆಗಳನ್ನೋ ರಟ್ಟನ್ನೋ ಹಾಸಿಟ್ಟರೆ ಬೆಳಗ್ಗೆ ಅದರ ಮೇಲಿನ ಕಲೆಗಳು ಬಹಳ ವಿಷಯ ಹೇಳುತ್ತವೆ. ಎಂಜಿನ್ ಹಚ್ಚುವ ಮೊದಲೇ ಕೂಲಂಟ್ ಡಬ್ಬಿಯಲ್ಲಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಇದು ಮುಂದಿನ ಎರಡು ವಾರ ನಿಮ್ಮ ಅಳತೆಗೋಲು.

ಬಳಿಕ ಹಗಲಿನ ಬೆಳಕಿನಲ್ಲಿ ಸಂದುಗಳನ್ನು ಅಳೆಯಬೇಕು. ಬಾನೆಟ್ಟಿಗೂ ಎಡ ಮತ್ತು ಬಲದ ಮಡ್‌ಗಾರ್ಡಿಗೂ ನಡುವಿನ ಸಂದು, ಹೆಡ್‌ಲೈಟಿಗೂ ಬಂಪರಿಗೂ ನಡುವಿನ ಸಂದು, ಮಡ್‌ಗಾರ್ಡಿಗೂ ಮುಂದಿನ ಬಾಗಿಲಿಗೂ ನಡುವಿನ ಸಂದು. ಒಂದು ರಟ್ಟಿನ ತುಂಡನ್ನು ಎಡಬದಿಯ ಸಂದಿಗೆ ಸರಿಯಾಗಿ ಕೂರುವಂತೆ ಮಡಿಸಿ, ಅದನ್ನೇ ಬಲಬದಿಯ ಅದೇ ಜಾಗಕ್ಕೆ ತೂರಿಸಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಬಾಗಿಲು ತೆರೆಯುವಾಗ ಮಡ್‌ಗಾರ್ಡಿನ ಅಂಚಿಗೆ ತಾಗಿದರೆ ಪೆಟ್ಟು ಬಂಪರಿನಲ್ಲೇ ನಿಂತಿಲ್ಲ, ಹಿಂದಕ್ಕೆ ಹರಿದಿದೆ ಎಂದರ್ಥ.

ಬಾನೆಟ್ ತೆರೆದು, ರೇಡಿಯೇಟರನ್ನು ಹಿಡಿದಿರುವ ಚೌಕಟ್ಟಿನ ಮೇಲ್ಪಟ್ಟಿಯನ್ನು ಒಂದು ತುದಿಯಿಂದ ಕಣ್ಣಿನ ಮಟ್ಟದಲ್ಲಿ ನೋಡಿರಿ. ನಡುವೆ ಹಿಂದಕ್ಕೆ ಬಾಗಿದ್ದರೆ ಹೀಗೆ ನೋಡಿದಾಗಲೇ ಕಾಣುತ್ತದೆ. ಟೇಪು ಹಿಡಿದು ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದರೆ ಅವು ಸಮನಾಗಿರಬೇಕು. ಎಂಜಿನ್ ಕೋಣೆಯ ಎರಡೂ ಬದಿಯ ಒಳಗೋಡೆಗಳಲ್ಲಿ ತಗಡು ಸುಕ್ಕುಗಟ್ಟಿದೆಯೇ, ಕೀಲುಗಳಿಗೆ ಹಚ್ಚಿದ ಮೇಣದಂಥ ಅಂಟು ಬಿರುಕುಬಿಟ್ಟಿದೆಯೇ, ಬೋಲ್ಟಿನ ಸುತ್ತ ಬಣ್ಣ ಕಿತ್ತು ಹೊಳೆಯುವ ಲೋಹ ಕಾಣುತ್ತಿದೆಯೇ ಎಂದು ಹುಡುಕಿರಿ. ಆ ಹೊಳೆಯುವ ಅರ್ಧಚಂದ್ರ ಕಂಡಲ್ಲಿ ಆ ಭಾಗ ತನ್ನ ಜಾಗದಿಂದ ಸರಿದಿದೆ.

ಹೆಡ್‌ಲೈಟನ್ನು ಕೈಯಿಂದ ಮೆಲ್ಲಗೆ ಅಲುಗಿಸಿ ನೋಡಬೇಕು. ಗಾಜು ಅಖಂಡವಾಗಿದ್ದರೂ ಹಿಂದಿನ ಪ್ಲಾಸ್ಟಿಕ್ ಕಿವಿಗಳು ಮುರಿದಿದ್ದರೆ ದೀಪ ಅಲುಗುತ್ತದೆ, ರಾತ್ರಿ ಬೆಳಕು ಆಕಾಶಕ್ಕೋ ಎದುರಿನವರ ಕಣ್ಣಿಗೋ ಹೋಗುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಎರಡೂ ದೀಪಗಳ ಬೆಳಕು ಒಂದೇ ಎತ್ತರದಲ್ಲಿ ಬೀಳುತ್ತದೆಯೇ ಎಂದು ಆ ಸಂಜೆಯೇ ನೋಡಬಹುದು. ಹಾರ್ನ್, ಫಾಗ್ ಲೈಟ್, ಗಾಜು ತೊಳೆಯುವ ನೀರಿನ ಡಬ್ಬಿ ಇವೆಲ್ಲ ಬಂಪರಿನ ಮೂಲೆಗಳಲ್ಲೇ ಇರುವುದರಿಂದ ಒಂದೊಂದನ್ನೂ ಚಾಲೂ ಮಾಡಿ ನೋಡಿರಿ.

ರೇಡಿಯೇಟರಿನ ಫ್ಯಾನ್ ಬಗ್ಗೆ ಒಂದು ಎಚ್ಚರಿಕೆ. ಕೀಲಿ ತೆಗೆದಿದ್ದರೂ ಕೆಲವು ಕಾರುಗಳಲ್ಲಿ ಆ ಫ್ಯಾನ್ ತಾನಾಗಿಯೇ ತಿರುಗಬಲ್ಲದು, ಆದ್ದರಿಂದ ಬೆರಳು ಹಾಕಬಾರದು. ಎಂಜಿನ್ ಹಚ್ಚಿ, ಎ.ಸಿ. ಹಾಕಿ, ದೂರ ನಿಂತು ಅದು ತಿರುಗುತ್ತದೆಯೇ, ತಿರುಗುವಾಗ ಅಕ್ಕಪಕ್ಕಕ್ಕೆ ಉಜ್ಜುವ ಶಬ್ದ ಬರುತ್ತದೆಯೇ ಎಂದಷ್ಟೇ ಕೇಳಿರಿ. ಅದೇ ವೇಳೆಗೆ ಹತ್ತು ನಿಮಿಷದಲ್ಲಿ ಎ.ಸಿ. ಎಂದಿನಷ್ಟು ತಂಪು ಕೊಡುತ್ತದೆಯೇ ಎಂಬುದೂ ತಿಳಿಯುತ್ತದೆ. ಇಂದು ತಂಪಿದ್ದು ನಾಲ್ಕನೆಯ ದಿನ ಇಲ್ಲವಾದರೆ ಕಂಡೆನ್ಸರ್ ಸಣ್ಣದಾಗಿ ಸೋರುತ್ತಿದೆ. ಮುಂದಿನ ಗಾಜಿನ ಅಂಚನ್ನು, ಕಪ್ಪು ಪಟ್ಟಿಯ ಸುತ್ತಲೂ, ಬೆರಳಿನಿಂದ ಸವರಿ ನೋಡಿರಿ. ಅಂಚಿನಲ್ಲಿ ಹುಟ್ಟಿದ ಕೂದಲೆಳೆಯ ಬಿರುಕು ಹಗಲಿನ ಬಿಸಿಲಿಗೆ ಒಂದೇ ದಿನದಲ್ಲಿ ಗಾಜಿನ ನಡುವಿನವರೆಗೆ ಬೆಳೆದೀತು.

ಬಂಪರ್ ಕಳಚಿಸದೆ ಬಿಡಬೇಡಿರಿ

ಮೇಲಿನ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೂ ಇದೊಂದನ್ನು, ವಿಮೆಯಿದ್ದರೆ ಮುಂದೆ ಹೇಳುವಂತೆ ಕಂಪನಿಗೆ ತಿಳಿಸಿದ ಮೇಲೆ, ಮಾಡಿಸಲೇಬೇಕು. ಬಂಪರಿನ ಹೊದಿಕೆ ಕೆಲವು ಸ್ಕ್ರೂ ಮತ್ತು ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಕೈ ಪಳಗಿದವರು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಕಳಚುತ್ತಾರೆ. "ಸುಮ್ಮನೆ ಯಾಕೆ ಸರ್" ಎಂದು ಅವರು ಹೇಳಿದರೂ ಕೂಲಿಯನ್ನು ಕೊಟ್ಟು ಕಳಚಿಸಿರಿ, ಕಳಚುವಾಗ ಎದುರಿಗೇ ನಿಲ್ಲಿರಿ. ನಾನು ಅಂದು ಉಳಿಸಿದ್ದು ಈ ಕೂಲಿಯನ್ನೇ.

ಹೊದಿಕೆಯ ಹಿಂದೆ ಮೊದಲು ಕಾಣುವುದು ಥರ್ಮಾಕೋಲಿನಂಥ ಮೆತ್ತೆ ಅಥವಾ ಪ್ಲಾಸ್ಟಿಕ್ ಜೇನುಗೂಡು. ಅದು ಒಡೆದಿದ್ದರೆ ಬದಲಿಸಬೇಕು, ಅಂಟಿಸಬಾರದು. ಅದರ ಹಿಂದೆ ಉಕ್ಕಿನ ತೊಲೆ. ತೊಲೆಯ ಮೇಲೆ ನೇರವಾದ ಪಟ್ಟಿಯನ್ನಿಟ್ಟು ನೋಡಿದರೆ ಬಾಗು ಗೊತ್ತಾಗುತ್ತದೆ. ಬಾಗಿದ ತೊಲೆಯನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿಕೊಡುವುದಾಗಿ ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಒಪ್ಪಬಾರದು. ಒಮ್ಮೆ ಮಡಚಿಕೊಂಡ ಉಕ್ಕು ಮುಂದಿನ ಅಪಘಾತದಲ್ಲಿ ಅದೇ ಮಡಿಕೆಯಲ್ಲಿ ಬೇಗ ಕುಸಿಯುತ್ತದೆ, ಮುಂದಿನದು ಚಿಗರಿಯೇ ಆಗಿರಬೇಕೆಂದಿಲ್ಲ, ಲಾರಿಯೂ ಆಗಬಹುದು. ತೊಲೆಯನ್ನು ಕಾರಿನ ಚೇಸಿಸ್ಸಿಗೆ ಜೋಡಿಸುವ ಎರಡು ಗಿಡ್ಡ ಪೆಟ್ಟಿಗೆಗಳು ಪೆಟ್ಟನ್ನು ನುಂಗಿ ಮುದುಡಲೆಂದೇ ಮಾಡಿದವು. ಎಡದ್ದು ಬಲದ್ದಕ್ಕಿಂತ ಗಿಡ್ಡವಾಗಿದ್ದರೆ ಅದು ತನ್ನ ಕೆಲಸ ಮಾಡಿ ಮುಗಿಸಿದೆ, ಇನ್ನೊಮ್ಮೆ ಮಾಡಲಾರದು.

ನಂತರ ಕಂಡೆನ್ಸರ್. ಅದರ ತೆಳು ರೆಕ್ಕೆಗಳು ಅಲ್ಲಲ್ಲಿ ಮಡಿಸಿದ್ದರೆ ಬಾಚಣಿಗೆಯಂಥ ಸಾಧನದಿಂದ ನೇರ ಮಾಡಬಹುದು. ಆದರೆ ರೆಕ್ಕೆಗಳ ನಡುವೆ ಎಣ್ಣೆ ಒಸರಿ ಧೂಳು ಹಿಡಿದ ಕಪ್ಪು ಮಚ್ಚೆ ಕಂಡರೆ ಅಲ್ಲಿ ಅನಿಲ ಸೋರಿದೆ, ಏಕೆಂದರೆ ಎ.ಸಿ. ಅನಿಲದ ಜೊತೆ ಎಣ್ಣೆಯೂ ಹರಿಯುತ್ತಿರುತ್ತದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಎಲ್ಲ ಕಡೆ ಒಂದೇ ಸಮನಾದ ಅಂತರವಿರಬೇಕು, ಎಲ್ಲಿಯೂ ಒಂದಕ್ಕೊಂದು ತಾಗಬಾರದು. ಟರ್ಬೊ ಎಂಜಿನ್ನಿನ ಹಲವು ಕಾರುಗಳಲ್ಲಿ ಇವುಗಳ ಜೊತೆಗೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರೂ ಇರುತ್ತದೆ. ಅದರ ಕೊಳವೆ ಸಡಿಲಗೊಂಡರೆ ಕಾರಿಗೆ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ. ಕಣ್ಣಿಗೆ ಎಲ್ಲ ಸರಿಯೆನಿಸಿದರೂ ಕೂಲಂಟ್ ವ್ಯವಸ್ಥೆಗೆ ಕೈಪಂಪಿನಿಂದ ಮುಚ್ಚಳದ ಮೇಲೆ ನಮೂದಿಸಿದಷ್ಟು ಒತ್ತಡ ಕೊಟ್ಟು, ಹದಿನೈದು ನಿಮಿಷ ಮುಳ್ಳು ಇಳಿಯದಿರುವುದನ್ನು ನೋಡಿಸಿಕೊಳ್ಳಿರಿ. ಎ.ಸಿ.ಗೆ ಸಾರಜನಕದ ಒತ್ತಡ ಕೊಟ್ಟು ಸಾಬೂನು ನೊರೆ ಹಚ್ಚಿ ನೋಡುವ ಕ್ರಮವಿದೆ.

ಏರ್‌ಬ್ಯಾಗಿನ ಮುಂದಿನ ಸಂವೇದಕಗಳು ಹಲವು ಕಾರುಗಳಲ್ಲಿ ಇದೇ ಚೌಕಟ್ಟಿನ ಮೇಲಿರುತ್ತವೆ. ಏರ್‌ಬ್ಯಾಗ್ ತೆರೆಯದಿದ್ದುದು ದೋಷವೆಂದು ಗಾಬರಿಯಾಗಬೇಡಿರಿ. ಚಿಗರಿಯ ಮೆತ್ತನೆಯ ಮೈಗೆ ತಾಗಿದ ಕಾರಿನ ವೇಗ ಒಮ್ಮೆಲೇ ಇಳಿಯುವುದಿಲ್ಲ. ಆದರೆ ಸಂವೇದಕ ಸಡಿಲಾಗಿದೆಯೇ, ತಂತಿ ಹರಿದಿದೆಯೇ ಎಂದು ನೋಡಿಸಿ, ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷಸಂಕೇತಗಳನ್ನು ಓದಿಸಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಉರಿದು ಆರುವುದೇ ಸರಿ. ಉರಿಯದೇ ಇರುವುದೂ ದೋಷವೇ. ಹೊಸ ಕಾರುಗಳಲ್ಲಿ ತಾನಾಗಿ ಬ್ರೇಕ್ ಹಾಕುವ ರೇಡಾರ್ ಜಾಲರಿ ಅಥವಾ ಬಂಪರಿನ ಹಿಂದೆ ಇದ್ದರೆ, ಅದರ ಕೋನ ಒಂದಿಷ್ಟು ತಪ್ಪಿದರೂ ಮುಂದಿನ ವಾಹನವನ್ನು ತಪ್ಪಾಗಿ ಗುರುತಿಸುತ್ತದೆ. ಅದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲೇ ಮರುಹೊಂದಿಸಬೇಕು.

ಹೊರಗಿನಿಂದ ಹಾಕಿಸುವ ಕಬ್ಬಿಣದ ಗಾರ್ಡ್ ಇದ್ದವರ ಕಾರಿಗೆ ಇನ್ನೂ ಹೆಚ್ಚು ಪರೀಕ್ಷೆ ಬೇಕು. ಅದು ಪೆಟ್ಟನ್ನು ನುಂಗದೆ ನೇರ ಚೇಸಿಸ್ಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸಂವೇದಕಗಳ ಲೆಕ್ಕವನ್ನೂ ಕೆಡಿಸುತ್ತದೆ. ಅದನ್ನು ಹಾಕಿದವರ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಳಚಿದ ಮೇಲೆ ಮತ್ತೆ ಹಾಕಿಸಬೇಡಿರಿ.

ಕೊನೆಗೆ ಕಾರನ್ನು ಲಿಫ್ಟಿನ ಮೇಲೆ ಏರಿಸಿ ತಳ ನೋಡಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ ಅದರ ಮುದ್ರಿತ ಚೀಟಿಯನ್ನು ಕೇಳಿ ಪಡೆಯಿರಿ. ಎಡ ಮತ್ತು ಬಲದ ಗಾಲಿಗಳ ಕ್ಯಾಂಬರ್ (ಗಾಲಿ ಒಳಕ್ಕೋ ಹೊರಕ್ಕೋ ವಾಲಿದ ಕೋನ), ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿದ ಕೋನ) ಅಂಕೆಗಳು ನಿಗದಿತ ಮಿತಿಯನ್ನು ಮೀರಿ ಬೇರೆಬೇರೆಯಾಗಿದ್ದರೆ ಲೋಯರ್ ಆರ್ಮ್ ಅಥವಾ ಶಾಕ್ ಅಬ್ಸಾರ್ಬರ್ ಬಾಗಿರುವ ಸಾಧ್ಯತೆಯಿದೆ. ಟೋ, ಅಂದರೆ ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿದ ಕೋನ, ಒಂದನ್ನೇ ಹೊಂದಿಸಿ "ಆಯ್ತು" ಎಂದು ಕಳಿಸುವುದರಿಂದ ಸ್ಟೇರಿಂಗ್ ನೇರವಾಗುತ್ತದೆ, ಬಾಗಿದ್ದು ಬಾಗಿಯೇ ಇರುತ್ತದೆ.

ವಿಮೆಗೆ ತಿಳಿಸುವ ಕ್ರಮ

ಬೇರೆಯವರಿಗಾದ ಹಾನಿಯನ್ನಷ್ಟೇ ತುಂಬಿಕೊಡುವ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಕಾರಿನ ರಿಪೇರಿಗೆ ಏನೂ ಬರುವುದಿಲ್ಲ. ಸ್ವಂತ ಹಾನಿಯ ರಕ್ಷಣೆಯೂ ಸೇರಿದ ಪಾಲಿಸಿ ಇರಬೇಕು. ಅದಿದ್ದರೆ ಘಟನೆಯ ದಿನವೇ, ಯಾವುದನ್ನೂ ಬಿಚ್ಚಿಸುವ ಮೊದಲು, ಕಂಪನಿಗೆ ತಿಳಿಸಿ, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ನೋಡುವವರೆಗೆ ಕಾದಿರಿ. ಬಂಪರನ್ನು ಅವರ ಎದುರಿಗೇ ಕಳಚಿಸಿದರೆ ಒಳಗಿನ ಹಾನಿಯೂ ಅದೇ ವರದಿಯಲ್ಲಿ ಸೇರುತ್ತದೆ. ಅರಣ್ಯ ಇಲಾಖೆಗೆ ಅಥವಾ ಪೊಲೀಸರಿಗೆ ಕರೆ ಮಾಡಿದ ಸಮಯವನ್ನೂ ಹೇಳಿಕೆಯಲ್ಲಿ ಬರೆಯಿರಿ.

ನಮ್ಮ ಮೋಟಾರು ಪಾಲಿಸಿಗಳ ಸಾಮಾನ್ಯ ಷರತ್ತುಗಳಲ್ಲಿ ಒಂದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ: ಅಪಘಾತದ ಬಳಿಕ ಅಗತ್ಯ ರಿಪೇರಿಗೆ ಮೊದಲೇ ವಾಹನವನ್ನು ಓಡಿಸಿದರೆ, ಅದರಿಂದ ಹೆಚ್ಚಾದ ಹಾನಿ ಮಾಲೀಕನ ತಲೆಗೇ ಸೇರುತ್ತದೆ. ಅಂದರೆ ತೂತಾದ ರೇಡಿಯೇಟರಿಗೆ ಹಣ ಸಿಕ್ಕೀತು, ಅದೇ ರೇಡಿಯೇಟರಿನಲ್ಲಿ ಊರಿಗೆ ಬಂದು ಸುಟ್ಟುಕೊಂಡ ಎಂಜಿನ್ನಿಗೆ ಸಿಗಲಾರದು. ರಸ್ತೆಯ ಮೇಲಿನ ಆ ಹದಿನೈದು ನಿಮಿಷದ ಬೆಲೆ ಇದೇ.

ಕೈಯಿಂದ ಹೋಗುವ ಲೆಕ್ಕವನ್ನೂ ಮೊದಲೇ ತಿಳಿದಿರಬೇಕು. 1500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ಮಾಲೀಕನದು. ಭಾಗಗಳ ಸವೆತಕ್ಕೆಂದು ಹಣ ಕಡಿಯದ ಝೀರೋ ಡೆಪ್ರಿಸಿಯೇಷನ್ ರಕ್ಷಣೆಯನ್ನು ಪಾಲಿಸಿಗೆ ಸೇರಿಸಿರದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಅರ್ಧ ಬೆಲೆಯನ್ನು ನೀವೇ ಕೊಡಬೇಕು. ಬಂಪರ್, ಜಾಲರಿ, ಹೆಡ್‌ಲೈಟಿನ ಕವಚ ಇವೆಲ್ಲ ಪ್ಲಾಸ್ಟಿಕ್ಕೇ. ಕ್ಲೇಮ್ ಮಾಡಿದರೆ, ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ, ಅದು ಐದು ವರ್ಷಕ್ಕೆ ಶೇಕಡಾ 50ರವರೆಗೆ ಬೆಳೆದಿರಬಹುದು. ಹಾನಿ ಬರೀ ಜಾಲರಿಯಷ್ಟಾದರೆ ಕೈಯಿಂದ ಮಾಡಿಸುವುದೇ ಲಾಭ. ಆದರೆ ಆ ತೀರ್ಮಾನವನ್ನು ಬಂಪರ್ ಕಳಚಿದ ಮೇಲೆ ತೆಗೆದುಕೊಳ್ಳಿರಿ.

ತೊಳೆಯುವುದು, ಮತ್ತು ಮುಂದಿನ ದಿನಗಳು

ಸರ್ವೇ ಮುಗಿದ ಮೇಲೆ ತೊಳೆಯಬಹುದು. ಪ್ರಾಣಿಯ ಮೈಯಲ್ಲಿ ಉಣ್ಣೆಹುಳುಗಳಿರುತ್ತವೆ, ರಕ್ತದಿಂದ ರೋಗ ಹರಡಬಹುದು; ರಬ್ಬರ್ ಕೈಗವಸು ಮತ್ತು ಮೂಗಿಗೆ ಬಟ್ಟೆ ಇಲ್ಲದೆ ಕೈ ಹಾಕಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಕಂಡೆನ್ಸರಿನ ಮೇಲೆ ಜೋರಾದ ನೀರಿನ ಪಂಪ್ ಹಿಡಿದರೆ ಉಳಿದ ರೆಕ್ಕೆಗಳೂ ಮಡಿಸುತ್ತವೆ. ಸಾದಾ ಪೈಪಿನ ನೀರು ಸಾಕು. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಎಳೆಯುವ ಕಿಂಡಿಯಲ್ಲಿ ಕೂದಲು ಅಥವಾ ಮಾಂಸದ ಚೂರು ಉಳಿದರೆ ಎರಡು ದಿನದಲ್ಲಿ ಕಾರಿನೊಳಗೆ ಕೂರಲಾಗದಷ್ಟು ವಾಸನೆ ಬರುತ್ತದೆ. ಅಲ್ಲಿ ಹುಡುಕಿ ತೆಗೆದು, ಎ.ಸಿ.ಯ ಗಾಳಿ ಸೋಸುವ ಫಿಲ್ಟರನ್ನೂ ಬದಲಿಸಿರಿ.

ಎರಡು ವಾರ ಪ್ರತಿದಿನ ಬೆಳಗ್ಗೆ ಕೂಲಂಟಿನ ಗೆರೆಯನ್ನು ನೋಡಿರಿ. ಹೆಡ್‌ಲೈಟಿನೊಳಗೆ ತೇವದ ಮಂಜು ಕೂಡುವುದು, 80ರ ವೇಗದಲ್ಲಿ ಹೊಸದಾಗಿ ಗಾಳಿಯ ಸಿಳ್ಳೆ ಕೇಳುವುದು, ಮುಂದಿನ ಒಂದೇ ಟೈರಿನ ಒಳಂಚು ಸವೆಯುವುದು, ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುವುದು, ಇವುಗಳಲ್ಲಿ ಯಾವುದು ಕಂಡರೂ ಮತ್ತೆ ಗ್ಯಾರೇಜಿಗೆ ಹೋಗಬೇಕು. ಪೆಟ್ಟು ಚಳಿಗಾಲದಲ್ಲಿ ಬಿದ್ದಿದ್ದರೆ ಕೂಲಂಟಿನ ಒತ್ತಡ ಪರೀಕ್ಷೆಯನ್ನೂ ಎ.ಸಿ. ಪರೀಕ್ಷೆಯನ್ನೂ ಮಾರ್ಚ್ ತಿಂಗಳಲ್ಲಿ, ಬಿಸಿಲು ಏರುವ ಮೊದಲು, ಇನ್ನೊಮ್ಮೆ ಮಾಡಿಸಿರಿ. ಚಿತ್ರಗಳು, ಅಲೈನ್‌ಮೆಂಟ್ ಚೀಟಿ, ಸ್ಕ್ಯಾನರಿನ ವರದಿ, ಬಿಲ್ಲುಗಳನ್ನು ಅಲ್ಲಿಯವರೆಗೆ ಒಂದೇ ಕಡೆ ಜೋಪಾನವಾಗಿಡಿ. ಎರಡನೆಯ ಸಲ ಬಂಪರ್ ಕಳಚುವ ಮಿಸ್ತ್ರಿಗೆ ಮೊದಲನೆಯ ಸಲ ಏನಿತ್ತೆಂಬುದನ್ನು ತೋರಿಸಲು ಅವೇ ಬೇಕಾಗುತ್ತವೆ.